ಎತ್ತನ್ನು ಬಿಟ್ಟು ಕುರಿ ಕೊಟ್ಟ ರಾಜ: ಮೆಂಗ್‌ಝಿ ಇದನ್ನು ಯಾಕೆ ಹೊಗಳಿದ?

ಮೂರನೇ ಮಹಡಿ ಕೇಳಿದ್ದು:

ನಮಸ್ಕಾರ. ನಾನು ತತ್ತ್ವಶಾಸ್ತ್ರ ಓದಿದವಳಲ್ಲ. ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ಆಫೀಸಿನಲ್ಲಿ ಕೆಲಸ. ಯಾವ ಹಾಸ್ಟೆಲ್, ಯಾವ ಊರು ಎಂದು ಕೇಳಬೇಡಿ. ರಾತ್ರಿ ಡ್ಯೂಟಿ ಇದ್ದಾಗ ಹತ್ತೂವರೆಗೆ ಗೇಟಿಗೆ ಬೀಗ ಬೀಳುತ್ತದೆ. ಆಮೇಲೆ ಮಾಡೋಕೆ ಏನೂ ಇರಲ್ಲ. ಹಾಗೆ ಸುಮ್ನೆ ಮೆಂಗ್‌ಝಿ ಓದೋಕೆ ಶುರು ಮಾಡಿದೆ. (ಕನ್‌ಫ್ಯೂಷಿಯಸ್ ಸಾಲಿನ ಹಳೇ ಚೀನೀ ತತ್ತ್ವಜ್ಞಾನಿ. ಅವನ ಮಾತುಗಳ ಪುಸ್ತಕಕ್ಕೂ ಅದೇ ಹೆಸರು.) ಮೊದಲನೇ ಭಾಗದಲ್ಲೇ ಒಂದು ಕಥೆ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಚೀ ಎಂಬ ರಾಜ್ಯ. ಅದರ ರಾಜ ಶುವಾನ್. (ಶ್ವಾನ್ ಎಂದೂ ಬರೆಯಬಹುದಂತೆ. ಕನ್ನಡದಲ್ಲಿ ಅದು ನಾಯಿಯಾಗಿಬಿಡುತ್ತದೆ, ಬೇಡ.) ಅವನು ಮೇಲೆ ಸಭಾಂಗಣದಲ್ಲಿ ಕೂತಿದ್ದಾನೆ. ಕೆಳಗೆ ಯಾರೋ ಒಂದು ಎತ್ತು ಹಿಡಿದುಕೊಂಡು ಹೋಗುತ್ತಿದ್ದಾನೆ. "ಎಲ್ಲಿಗೆ?" ಎಂದು ರಾಜ ಕೇಳುತ್ತಾನೆ. "ಹೊಸ ಗಂಟೆಗೆ ರಕ್ತ ಬಳಿಯೋಕೆ ಬಲಿ" ಎಂದು ಉತ್ತರ. "ಬಿಟ್ಟುಬಿಡು. ತಪ್ಪು ಮಾಡದವನನ್ನು ಕೊಲ್ಲೋ ಜಾಗಕ್ಕೆ ಎಳೆದುಕೊಂಡು ಹೋದ ಹಾಗೆ ಅದು ನಡುಗುತ್ತಿದೆ, ನನಗೆ ನೋಡೋಕಾಗಲ್ಲ." "ಹಾಗಾದರೆ ಗಂಟೆಯ ಶಾಸ್ತ್ರ ನಿಲ್ಲಿಸೋಣವೇ?" "ಅದು ಹೇಗಾಗುತ್ತದೆ? ಒಂದು ಕುರಿ ಕೊಡು."

ಊರಿನವರೆಲ್ಲ ರಾಜ ಜಿಪುಣ ಎಂದು ಆಡಿಕೊಂಡರು. ದೊಡ್ಡದನ್ನು ಉಳಿಸಿಕೊಂಡು ಚಿಕ್ಕದನ್ನು ಕೊಟ್ಟ, ಅಲ್ವಾ. ಮೆಂಗ್‌ಝಿ ಮಾತ್ರ "ಪರವಾಗಿಲ್ಲ, ನಿನ್ನದು ಕರುಣೆಯ ಉಪಾಯವೇ. ಎತ್ತನ್ನು ನೋಡಿದ್ದೆ, ಕುರಿಯನ್ನು ನೋಡಿರಲಿಲ್ಲ, ಅಷ್ಟೇ" ಎನ್ನುತ್ತಾನೆ. ಅದರ ಹಿಂದೆಯೇ ಇನ್ನೊಂದು ಮಾತು: ಒಳ್ಳೆಯ ಮನುಷ್ಯ ಪ್ರಾಣಿ ಬದುಕಿದ್ದನ್ನು ನೋಡಿದ ಮೇಲೆ ಸಾಯೋದನ್ನು ನೋಡಲಾರ, ಅದರ ಕೂಗು ಕೇಳಿದ ಮೇಲೆ ಮಾಂಸ ತಿನ್ನಲಾರ, ಅದಕ್ಕೇ ಅವನು ಅಡುಗೆಮನೆಯಿಂದ ದೂರ ಇರುತ್ತಾನೆ.

ಈಗ ನನ್ನ ಕಥೆ. ಜುಲೈನಲ್ಲಿ ಒಂದು ಸೀಟು ಖಾಲಿಯಾಯಿತು. ವೇಯ್ಟಿಂಗ್ ಲಿಸ್ಟಿನಲ್ಲಿ ಹನ್ನೆರಡು ಹೆಸರು. ಅವತ್ತೇ ಮಧ್ಯಾಹ್ನ ನಾಲ್ಕನೇ ನಂಬರಿನ ಹುಡುಗಿ ಅಪ್ಪನ ಜೊತೆ ಬಂದಿದ್ದಳು. ಅಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ನಮ್ಮಲ್ಲಿ ಯಾರೂ ಬಿಡಿ ಎನ್ನಲ್ಲ. ಹುಡುಗಿ ಅಳಲಿಲ್ಲ. ಹಗ್ಗ ಕಟ್ಟಿದ ತಗಡಿನ ಟ್ರಂಕಿನ ಹಿಡಿಯನ್ನು ಎತ್ತೋದು, ಬಿಡೋದು ಮಾಡುತ್ತಿದ್ದಳು. ಟಕ್, ಟಕ್, ಟಕ್. ಆ ಸದ್ದು ನನಗೆ ತಡೆಯೋಕಾಗಲಿಲ್ಲ. ಸೀಟು ಅವಳಿಗೆ ಬರೆದೆ. ಮೇಲಿನವರು ಓದದೆ ಸಹಿ ಹಾಕಿದರು.

ಸಂಜೆ ಬಸ್ಸಿನಲ್ಲಿ ಹೋಗುವಾಗ ಒಂದನೇ ನಂಬರಿನವಳ ನೆನಪಾಯಿತು. ಅವಳ ಹೆಸರನ್ನು ನಾನೇ ಟೈಪ್ ಮಾಡಿದ್ದೆ. ಮುಖ ನೋಡಿಲ್ಲ.

ಅಂದರೆ ನಾನು ಎತ್ತನ್ನು ಬಿಟ್ಟು ಕುರಿ ಕೊಟ್ಟೆ. "ಪರವಾಗಿಲ್ಲ, ಇದು ಕರುಣೆಯ ಉಪಾಯ" ಎಂದು ಯಾರಾದರೂ ನನಗೆ ಹೇಳಿದ್ದರೆ ಅವತ್ತು ಚೆನ್ನಾಗಿ ನಿದ್ದೆ ಬರುತ್ತಿತ್ತು. ಮೆಂಗ್‌ಝಿ ರಾಜನಿಗೆ ಮಾಡಿದ್ದೂ ಅದೇ ಅಲ್ಲವೇ? ಜೋಗುಳ? ಮತ್ತೆ ಆ ಅಡುಗೆಮನೆಯ ಮಾತು. ನಮ್ಮ ಆಫೀಸಿನ ಹಳಬರು ನನಗೆ ಹೇಳಿಕೊಟ್ಟ ಮೊದಲ ಪಾಠವೂ ಅದೇ: "ಅರ್ಜಿ ತಗೋ, ಮುಖ ನೋಡ್ಬೇಡ." ಇಷ್ಟು ಹೇಳೋಕೆ ಒಬ್ಬ ದೊಡ್ಡ ತತ್ತ್ವಜ್ಞಾನಿ ಬೇಕಿತ್ತಾ?

ಒಂದು ಕೋರಿಕೆ. ದಯವಿಟ್ಟು ಇದಕ್ಕೆ ಒಂದು ವಚನ ತಂದು ಅಂಟಿಸಿ ಚರ್ಚೆ ಮುಗಿಸಬೇಡಿ. ಆ ಚೀನಾದವರು ಏನು ಹೇಳಿದರು ಅನ್ನೋದು ನನಗೆ ಬೇಕು.

ಕಡ್ಡಿ ಮುರಿದಂತೆ:

ಮೇಡಂ, ನೀವು ಅರ್ಧ ಉತ್ತರ ನೀವೇ ಬರೆದಿದ್ದೀರಿ. ಮೆಂಗ್‌ಝಿ ಆಸ್ಥಾನದ ಮನುಷ್ಯ. ರಾಜನ ಸಂಬಳ ತಿನ್ನುವವನು ರಾಜನನ್ನು ಬೈಯುತ್ತಾನೆಯೇ? ಬೆಣ್ಣೆ ಹಚ್ಚಿದ, ಅಷ್ಟೇ.

ನಿಮಗೆ ಬೇಕಾದವನು ಶ್ಯುನ್‌ಝಿ. ಮೆಂಗ್‌ಝಿ ಆದಮೇಲೆ, ಕ್ರಿ.ಪೂ. 3ನೇ ಶತಮಾನದವನು, ಅವನೂ ಕನ್‌ಫ್ಯೂಷಿಯಸ್ ಸಾಲಿನವನೇ. ಮನುಷ್ಯನ ಹುಟ್ಟುಗುಣ ಕೆಟ್ಟದ್ದು, ಒಳ್ಳೆಯದೆಲ್ಲ ಕಷ್ಟಪಟ್ಟು ಮಾಡಿಕೊಂಡಿದ್ದು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ. ಸೊಟ್ಟ ಮರವನ್ನು ಆವಿಯಲ್ಲಿ ಬೇಯಿಸಿ, ಚೌಕಟ್ಟಿನಲ್ಲಿ ಒತ್ತಿದರೆ ಮಾತ್ರ ನೆಟ್ಟಗಾಗುತ್ತದೆ ಎನ್ನುವುದು ಅವನ ಹೋಲಿಕೆ.

ರೀತಿ ರಿವಾಜು ಎಲ್ಲಿಂದ ಬಂತು ಎಂದು ಅವನು ಹೇಳುವುದನ್ನು ಓದಿದರೆ ನಿಮ್ಮ ಆಫೀಸೇ ಕಣ್ಣ ಮುಂದೆ ಬರುತ್ತದೆ. ಮನುಷ್ಯ ಆಸೆ ಇಟ್ಟುಕೊಂಡೇ ಹುಟ್ಟುತ್ತಾನೆ. ಸಿಗದಿದ್ದರೆ ಹುಡುಕದೆ ಇರಲಾರ. ಹುಡುಕಾಟಕ್ಕೆ ಮಿತಿ ಇಲ್ಲದಿದ್ದರೆ ಜಗಳ. ಜಗಳದಿಂದ ಗೊಂದಲ, ಗೊಂದಲದಿಂದ ಬಡತನ. ಅದನ್ನು ನೋಡಲಾರದೆ ಹಿಂದಿನ ರಾಜರು ರೀತಿ ಮಾಡಿದರು, ಯಾರಿಗೆ ಏನು ಎಂದು ಪಾಲು ಹಾಕಿಕೊಡೋಕೆ. ಪಾಲು ಹಾಕೋದು! ನಿಮ್ಮ ವೇಯ್ಟಿಂಗ್ ಲಿಸ್ಟ್ ಅದೇ ತಾನೇ? ಟ್ರಂಕಿನ ಸದ್ದು ಕೇಳಿದವರಿಗೆ ಸೀಟು ಎಂದಾದರೆ ನಾಳೆ ಎಲ್ಲರೂ ಟ್ರಂಕ್ ತರುತ್ತಾರೆ.

ಕೋಳಿ ಸಾಕಿದವ್ನು:

ನಾನು ಓದಿದವನಲ್ಲ, ಆದರೆ ಆ ಅಡುಗೆಮನೆ ಮಾತು ನಮ್ಮ ಮನೆ ಮಾತೇ. ನಮ್ಮಜ್ಜಿ ಹಿತ್ತಲಲ್ಲಿ ಕೋಳಿ ಸಾಕುತ್ತಿದ್ದರು. ಹಬ್ಬಕ್ಕೆ ನಮ್ಮ ಕೋಳಿ ಪಕ್ಕದ ಮನೆಗೆ, ಪಕ್ಕದ ಮನೆ ಕೋಳಿ ನಮ್ಮ ಮನೆಗೆ. ಯಾಕಜ್ಜಿ ಎಂದರೆ "ಕಾಳು ಹಾಕಿದ ಕೈಯಲ್ಲಿ ಹೆಂಗೋ ತಿನ್ನೋದು" ಎನ್ನುತ್ತಿದ್ದರು. ಲೆಕ್ಕ ಹಾಕಿದರೆ ಸತ್ತ ಕೋಳಿ ಅಷ್ಟೇ. ನಾವು ನಗುತ್ತಿದ್ದೆವು. ಆದರೆ ಕಾಳು ಹಾಕಿದ ಕೋಳಿಯನ್ನೇ ಕಣ್ಣು ಮಿಟುಕಿಸದೆ ಕತ್ತರಿಸುವ ಅಜ್ಜಿ ಇದ್ದಿದ್ದರೆ ನಾನು ಅವಳ ಪಕ್ಕ ಮಲಗುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ.

ಜಿನಾನ್ ವಾಸಿ:

ಕೋಳಿಯವರೇ, ಎರಡು ಸಾವಿರ ವರ್ಷದ ವ್ಯಾಖ್ಯಾನಗಳಲ್ಲಿ ಅರ್ಧವನ್ನು ನಿಮ್ಮ ಅಜ್ಜಿ ಒಂದೇ ಸಾಲಿನಲ್ಲಿ ಹೇಳಿಬಿಟ್ಟಿದ್ದಾರೆ.

ನಾನು ಹನ್ನೊಂದು ವರ್ಷದಿಂದ ಶಾನ್‌ಡಾಂಗ್ ಪ್ರಾಂತ್ಯದ ಜಿನಾನ್‌ನಲ್ಲಿದ್ದೇನೆ. ಪಂಪು, ವಾಲ್ವು ಮಾರುವ ಕೆಲಸ. ಹಳೇ ಚೀನೀ ಭಾಷೆಯನ್ನು ಸಂಜೆ ಹೊತ್ತು ಒಬ್ಬ ನಿವೃತ್ತ ಮೇಷ್ಟ್ರ ಹತ್ತಿರ ಕಲಿತೆ. ಪಂಡಿತ ಅಲ್ಲ. ಆದರೆ ಆ ಎತ್ತು ನಡೆದು ಹೋದ ಊರು ನನಗೆ ಹತ್ತಿರ. ಅದು ಲಿನ್‌ಝಿ, ಚೀ ರಾಜ್ಯದ ರಾಜಧಾನಿ. ಈಗ ಝಿಬೋ ನಗರಕ್ಕೆ ಸೇರಿದೆ.

ಮೊದಲು ಕಡ್ಡಿಯವರ ಲೆಕ್ಕ ಸರಿ ಮಾಡುತ್ತೇನೆ. ಮೆಂಗ್‌ಝಿ ಚೀಯಲ್ಲಿ ಹುದ್ದೆಯಲ್ಲಿದ್ದದ್ದು ನಿಜ. ಸಂಬಳ ತೆಗೆದುಕೊಳ್ಳಲಿಲ್ಲ. ಹುದ್ದೆಯಲ್ಲಿದ್ದೂ ಸಂಬಳ ಯಾಕೆ ಬೇಡವೆಂದಿರಿ ಎಂದು ಶಿಷ್ಯನೇ ಕೇಳುವ ಮಾತು ಪುಸ್ತಕದಲ್ಲಿದೆ. ಬಿಟ್ಟು ಹೋಗುವ ಮನಸ್ಸು ಮೊದಲೇ ಇತ್ತು, ಅದನ್ನು ಬದಲಿಸಿಕೊಳ್ಳೋಕೆ ಇಷ್ಟವಿರಲಿಲ್ಲ, ಅದಕ್ಕೆ ಎನ್ನುತ್ತಾನೆ. ಬೆಣ್ಣೆ ಹಚ್ಚುವವರ ಲಕ್ಷಣ ಇದಲ್ಲ.

ಲಿನ್‌ಝಿಯಲ್ಲಿ ಒಂದು ಕುದುರೆ ಗುಂಡಿ ಇದೆ. ನಾನು ಎರಡು ಸಲ ಹೋಗಿದ್ದೇನೆ, ಮೂರನೇ ಸಲ ಹೋಗಲ್ಲ. ಚೀಯ ದೊರೆ ಜಿಂಗ್‌ನ ಸಮಾಧಿಗೆ ಸೇರಿದ್ದು ಎನ್ನುತ್ತಾರೆ. ಅವನು ಕನ್‌ಫ್ಯೂಷಿಯಸ್ ಕಾಲದವನು, ಶುವಾನ್‌ಗಿಂತ ಸುಮಾರು 200 ವರ್ಷ ಹಿಂದಿನವನು. ಅಗೆದು ತೆಗೆದಷ್ಟರಲ್ಲೇ 200ಕ್ಕೂ ಹೆಚ್ಚು ಕುದುರೆ. ಪೂರ್ತಿ ಅಗೆದರೆ 600 ದಾಟುತ್ತದೆ ಎಂದು ಅಂದಾಜು. ಎರಡು ಸಾಲು, ಒಂದರ ಪಕ್ಕ ಒಂದು, ಒಂದೇ ಕಡೆಗೆ ಮಗ್ಗುಲಾಗಿ, ಮುಂಗಾಲು ಮಡಿಸಿ, ತಲೆ ಎತ್ತಿ. ಓಡೋಕೆ ಸಿದ್ಧವಾದ ಹಾಗೆ ಜೋಡಿಸಿದ್ದಾರೆ. ಬೇಲಿಯ ಈಚೆ ನಿಂತು ಎಣಿಸೋಕೆ ಹೋದೆ. ನಲವತ್ತರ ಹತ್ತಿರ ಲೆಕ್ಕ ತಪ್ಪಿತು.

ಈ ಜಿಂಗ್ ಬಗ್ಗೆ ಕನ್‌ಫ್ಯೂಷಿಯಸ್ ಮಾತುಗಳ ಸಂಗ್ರಹದಲ್ಲಿ ಒಂದು ಸಾಲಿದೆ: ಅವನ ಹತ್ತಿರ ನಾಲ್ಕು ಕುದುರೆಗಳ ಸಾವಿರ ಜೊತೆ ಇತ್ತು, ಸತ್ತ ದಿನ ಹೊಗಳೋಕೆ ಜನಕ್ಕೆ ಒಂದು ಗುಣವೂ ಸಿಗಲಿಲ್ಲ.

ಇದನ್ನು ಯಾಕೆ ಹೇಳಿದೆ ಎಂದರೆ, ಅದೇ ಊರು, ಅದೇ ಪದ್ಧತಿಯ ಜನ. ಬಲಿ ಎಂದರೆ ಉಸಿರಾಡಿದಷ್ಟು ಸಲೀಸು. ಅಲ್ಲಿ ಒಬ್ಬ ರಾಜ ಒಂದು ಎತ್ತಿನ ನಡುಕ ನೋಡಿ ನಿಲ್ಲಿಸುತ್ತಾನೆ. ಮೂಲದಲ್ಲಿ ಆ ನಡುಕಕ್ಕೆ ಹು-ಸು ಎಂಬ ಜೋಡಿ ಪದ ಇದೆ. ನಮ್ಮ ಗಡಗಡ, ಥರಥರ ಇದ್ದ ಹಾಗೆ.

ಈಗ ನಿಮ್ಮ ಪ್ರಶ್ನೆ. ನೀವು ಒಂದು ಸಾಲು ಬಿಟ್ಟಿದ್ದೀರಿ. "ಪರವಾಗಿಲ್ಲ" ಎನ್ನುವ ಮೊದಲು ಮೆಂಗ್‌ಝಿ ರಾಜನನ್ನು ಗೋಡೆಗೆ ಒತ್ತುತ್ತಾನೆ. "ತಪ್ಪಿಲ್ಲದ ಜೀವ ಎಂದು ಮರುಕವಾಯಿತು ಎನ್ನುತ್ತೀಯಲ್ಲ, ಹಾಗಾದರೆ ಕುರಿ ಏನು ತಪ್ಪು ಮಾಡಿತ್ತು?" ರಾಜನ ಹತ್ತಿರ ಉತ್ತರ ಇಲ್ಲ. ನಗುತ್ತಾನೆ. "ನಿಜಕ್ಕೂ ಅದು ಎಂಥ ಮನಸ್ಸಾಗಿತ್ತು? ದುಡ್ಡಿನ ಆಸೆಗಂತೂ ಬದಲಿಸಲಿಲ್ಲ. ಆದರೂ ಜನ ಜಿಪುಣ ಎನ್ನೋದು ಸರಿಯೇ ಬಿಡಿ" ಎನ್ನುತ್ತಾನೆ.

ನನಗೆ ಇಡೀ ಪುಸ್ತಕದಲ್ಲಿ ಜಾಸ್ತಿ ಇಷ್ಟವಾಗುವುದು ಆ ನಗು. ತಾನು ಮಾಡಿದ್ದಕ್ಕೆ ತಾನೇ ಕೊಟ್ಟ ಕಾರಣ ತಪ್ಪು ಎಂದು ಅವನಿಗೆ ಹೊಳೆಯಿತು. ಜನ ಹೇಳಿದ ಕಾರಣವೂ ತಪ್ಪು. ಹಾಗಾದರೆ ಕೈ ತಡೆದದ್ದು ಯಾವುದು? ಆಗ ಮೆಂಗ್‌ಝಿ ಮೂರನೆಯದನ್ನು ಹೇಳುತ್ತಾನೆ: ನೀನು ಇದನ್ನು ನೋಡಿದೆ, ಅದನ್ನು ನೋಡಲಿಲ್ಲ. ಕರುಣೆ ವಾದದಿಂದ ಬರಲ್ಲ. ಮೊದಲು ಬಂದುಬಿಡುತ್ತದೆ, ಕಾರಣವನ್ನು ನಾವು ಆಮೇಲೆ ಹೊಲಿಯುತ್ತೇವೆ.

ಆಮೇಲೆ ರಾಜನಿಗೆ ಖುಷಿ. "ನೀವು ಹೇಳಿದ ಮೇಲೆ ನನ್ನ ಮನಸ್ಸು ಮಿಡಿಯಿತು" ಎನ್ನುತ್ತಾನೆ. ಗಾಳಕ್ಕೆ ಮೀನು ಸಿಕ್ಕಿತು. ತಕ್ಷಣ ಮೆಂಗ್‌ಝಿ ದಾರ ಎಳೆಯುತ್ತಾನೆ. "ದೊಡ್ಡ ಭಾರ ಎತ್ತಬಲ್ಲೆ, ಒಂದು ಗರಿ ಎತ್ತಲಾರೆ ಎಂದು ಯಾರಾದರೂ ಹೇಳಿದರೆ ನಂಬುತ್ತೀಯಾ? ಪ್ರಾಣಿಯ ಕೂದಲ ತುದಿ ಕಾಣುತ್ತದೆ, ಗಾಡಿ ತುಂಬ ಸೌದೆ ಕಾಣಲ್ಲ ಎಂದರೆ?" ಇಲ್ಲ ಎನ್ನುತ್ತಾನೆ ರಾಜ. "ಹಾಗಾದರೆ ನಿನ್ನ ಕರುಣೆ ಎತ್ತಿನವರೆಗೆ ಬಂತು, ನಿನ್ನ ಜನರವರೆಗೆ ಬರಲಿಲ್ಲ, ಇದು ಯಾಕೆ? ಆಗಲ್ಲ ಎಂದಲ್ಲ, ನೀನು ಮಾಡುತ್ತಿಲ್ಲ."

ಮೇಡಂ, ಜೋಗುಳ ಇಲ್ಲಿಗೆ ಮುಗಿಯಿತು. ಎತ್ತಿನ ಕಥೆಯನ್ನು ಅವನು ರಾಜನಿಗೆ ಸರ್ಟಿಫಿಕೇಟ್ ಕೊಡೋಕೆ ತಂದದ್ದಲ್ಲ, ಸಾಕ್ಷಿಯಾಗಿ ತಂದದ್ದು. "ನನ್ನಿಂದ ಆಗಲ್ಲ" ಎಂಬ ನೆಪಕ್ಕೆ ಜಾಗವೇ ಉಳಿಯಲಿಲ್ಲ. ತೈಶಾನ್ ಬೆಟ್ಟವನ್ನು ಕಂಕುಳಲ್ಲಿಟ್ಟು ಉತ್ತರದ ಸಮುದ್ರ ಹಾರಲಾರೆ ಎಂದರೆ ಒಪ್ಪಬಹುದು, ಹಿರಿಯರಿಗೆ ಬಗ್ಗಿ ಕೈಕಾಲು ಒತ್ತಲಾರೆ ಎಂದರೆ ಅದು ಆಗದ್ದಲ್ಲ, ಮಾಡದೆ ಇರೋದು ಎನ್ನುತ್ತಾನೆ. (ಆ ಎರಡನೇ ಮಾತಿಗೆ ಒಂದು ಕೊಂಬೆ ಮುರಿದು ಕೊಡೋದು ಎಂಬ ಅರ್ಥವೂ ಇದೆ. ಜಗಳ ಇನ್ನೂ ಮುಗಿದಿಲ್ಲ.)

ಆಮೇಲೆ ಬರುವ ಮಾತು ಕರುಣೆಯದ್ದಲ್ಲ, ಭೂಮಿಯದ್ದು. ಮನೆಯ ಜಾಗ ಐದು ಮು (ಚೀನಾದ ಭೂಮಿ ಅಳತೆ), ಸುತ್ತ ಹಿಪ್ಪುನೇರಳೆ ಹಾಕಿದರೆ ಐವತ್ತು ದಾಟಿದವರಿಗೆ ರೇಷ್ಮೆ ಬಟ್ಟೆ. ಕೋಳಿ, ಹಂದಿ, ನಾಯಿ ಮರಿ ಹಾಕುವ ಕಾಲ ತಪ್ಪಿಸದಿದ್ದರೆ ಎಪ್ಪತ್ತು ದಾಟಿದವರಿಗೆ ಮಾಂಸ. ನೂರು ಮು ಹೊಲದವನನ್ನು ಬಿತ್ತನೆ ಕಾಲದಲ್ಲಿ ಬಿಟ್ಟಿ ದುಡಿಮೆಗೆ ಎಳೆಯದಿದ್ದರೆ ಎಂಟು ಜನರ ಮನೆಗೆ ಹಸಿವಿಲ್ಲ. ಬದುಕೋಕೆ ದಾರಿ ಕೊಡದೆ, ಜನ ತಪ್ಪು ಮಾಡಿದಾಗ ಶಿಕ್ಷೆ ಕೊಡೋದು ಬಲೆ ಬೀಸಿದ ಹಾಗೆ. ಎತ್ತಿನ ನಡುಕದಿಂದ ಶುರುವಾದದ್ದು ಹಿಪ್ಪುನೇರಳೆ ಗಿಡಕ್ಕೆ ಬಂದು ನಿಂತಿತು. ನೋಡದ ಕುರಿಗೂ ತಲುಪುವ ದಾರಿ ಅವನ ಪ್ರಕಾರ ಇದು. ಪ್ರತಿಯೊಬ್ಬರನ್ನೂ ನೋಡಿ ಅಳೋದಲ್ಲ.

ಮೆಂಗ್‌ಝಿ ಇನ್ನೊಂದು ಕಡೆ ಹೇಳುವ ಬಾವಿಯ ಮಗುವಿನ ಮಾತೂ ಇದಕ್ಕೇ ಸೇರುತ್ತದೆ. ಕಟ್ಟೆ ಇಲ್ಲದ ಬಾವಿಯ ಕಡೆ ಅಂಬೆಗಾಲಿಡುತ್ತಿರುವ ಮಗುವನ್ನು ಯಾರೇ ಥಟ್ಟನೆ ನೋಡಿದರೂ ಏನಾಗುತ್ತದೆ? ಮೂಲದಲ್ಲಿ ನಾಲ್ಕು ಅಕ್ಷರ: ಚು-ತಿ, ತ್ಸೆ-ಯಿನ್. ಇಂಗ್ಲಿಷಿನಲ್ಲಿ ಇದಕ್ಕೆ ಒದ್ದಾಡುತ್ತಾರೆ. ಕನ್ನಡದಲ್ಲಿ ಕಷ್ಟವೇ ಇಲ್ಲ. ಎದೆ ಧಸಕ್ ಎನ್ನುತ್ತದೆ, ಕರುಳು ಚುರ್ ಎನ್ನುತ್ತದೆ. ಮಗುವಿನ ಅಪ್ಪ ಅಮ್ಮನ ಸ್ನೇಹ ಬೇಕು ಎಂದಲ್ಲ, ಊರಿನವರು ಹೊಗಳಲಿ ಎಂದಲ್ಲ, ಕೆಟ್ಟ ಹೆಸರು ಬಂದೀತು ಎಂದೂ ಅಲ್ಲ. ಲೆಕ್ಕ ಹಾಕೋಕೆ ಟೈಮೇ ಇಲ್ಲ.

ಗಮನಿಸಿ, ಆ ಮನುಷ್ಯ ಓಡಿ ಹೋಗಿ ಮಗುವನ್ನು ಹಿಡಿದ ಎಂದು ಮೆಂಗ್‌ಝಿ ಎಲ್ಲೂ ಹೇಳಲ್ಲ. ಧಸಕ್ ಎಂದಿತು, ಅಷ್ಟೇ. ಅದು ಮೊಳಕೆ. ಮೊಳಕೆ ಅನ್ನವಲ್ಲ.

ಕಡ್ಡಿಯವರೇ, ನಿಮ್ಮ ಶ್ಯುನ್‌ಝಿಯನ್ನು ನಾನೂ ಗೌರವಿಸುತ್ತೇನೆ. ಆದರೆ ಅವನೇ ಇನ್ನೊಂದು ಕಡೆ ಹೇಳುತ್ತಾನೆ: ರಕ್ತ, ಉಸಿರು ಇರುವ ಯಾವುದಕ್ಕೂ ತನ್ನ ಜಾತಿಯ ಮೇಲೆ ಪ್ರೀತಿ ಇಲ್ಲದೆ ಇಲ್ಲ. ಗುಂಪಿನಿಂದ ತಪ್ಪಿದ ಹಕ್ಕಿ ತಿಂಗಳಾದ ಮೇಲೆ ಹಳೇ ಜಾಗದ ಮೇಲೆ ಹಾರುವಾಗ ಸುತ್ತು ಹಾಕುತ್ತದೆ, ಕೂಗುತ್ತದೆ. ಗುಬ್ಬಿಯೂ ಒಂದು ಗಳಿಗೆ ಚಿಲಿಪಿಲಿ ಅತ್ತು ಹೋಗುತ್ತದೆ. "ಹುಟ್ಟುಗುಣ ಕೆಟ್ಟದ್ದು" ಎಂದ ಮನುಷ್ಯ ಗುಬ್ಬಿ ಅಳೋದನ್ನು ಕೇಳಿಸಿಕೊಂಡಿದ್ದ.

ಇನ್ನೊಂದೇ ಮಾತು, ಆಮೇಲೆ ಅಂಗಡಿಗೆ ಹೋಗಬೇಕು. 1993ರಲ್ಲಿ ಹುಬೇ ಪ್ರಾಂತ್ಯದ ಗುವೋದಿಯಾನ್‌ನಲ್ಲಿ ಒಂದು ಸಮಾಧಿಯಿಂದ ಸುಮಾರು 800 ಬಿದಿರು ಪಟ್ಟಿ (ಆಗಿನ ಪುಸ್ತಕ) ಸಿಕ್ಕಿದವು. ಸುಮಾರು ಕ್ರಿ.ಪೂ. 300, ಅಂದರೆ ಮೆಂಗ್‌ಝಿ ಬದುಕಿದ್ದ ಕಾಲ. ನಾವು ಕರುಣೆ ಎನ್ನುತ್ತಿರುವುದಕ್ಕೆ ಮೂಲದಲ್ಲಿರುವ ಪದ ರೆನ್. ಈಗ ಅದನ್ನು ಬರೆಯುವ ಅಕ್ಷರದಲ್ಲಿ ಮನುಷ್ಯ ಮತ್ತು ಎರಡು ಎಂಬ ಗುರುತು ಇದೆ. ಆ ಪಟ್ಟಿಗಳಲ್ಲಿ ಬೇರೆ ಥರ. ಮೇಲೆ ಒಡಲು, ಕೆಳಗೆ ಮನಸ್ಸು. ನಮ್ಮ ಮೇಷ್ಟ್ರು ಇದನ್ನು ಬರೆದು ತೋರಿಸಿ, ಏನೂ ಹೇಳದೆ ಚಹಾ ಕುಡಿದರು.

ಕಡ್ಡಿ ಮುರಿದಂತೆ:

ಸಂಬಳದ ವಿಷಯ ಗೊತ್ತಿರಲಿಲ್ಲ, ಹಿಂದೆ ತೆಗೆದುಕೊಂಡೆ. ಗುಬ್ಬಿಯನ್ನೂ ಒಪ್ಪಿದೆ.

ಆದರೆ ಫಲಿತಾಂಶ ಹೇಳಿ ಸ್ವಾಮಿ. ಇಷ್ಟೆಲ್ಲ ಕೇಳಿದ ಶುವಾನ್ ರಾಜ ಹಿಪ್ಪುನೇರಳೆ ಹಾಕಿಸಿದನೇ?

ಜಿನಾನ್ ವಾಸಿ:

ಇಲ್ಲ. ಅದೇ ರಾಜ ಕ್ರಿ.ಪೂ. 314ರ ಸುಮಾರಿಗೆ ಉತ್ತರದ ಯೆನ್ ರಾಜ್ಯದ ಮೇಲೆ ಸೈನ್ಯ ಕಳಿಸಿದ. ಐವತ್ತು ದಿನದಲ್ಲಿ ಗೆದ್ದೆ ಎಂದು ಹೇಳಿಕೊಂಡ. ಮೆಂಗ್‌ಝಿಯ ಮಾತಿನಲ್ಲೇ ಹೇಳುವುದಾದರೆ ಅಪ್ಪ ಅಣ್ಣಂದಿರನ್ನು ಕೊಂದರು, ಮಕ್ಕಳನ್ನು ಕಟ್ಟಿ ಹಾಕಿದರು, ಪೂಜೆಯ ಪಾತ್ರೆಗಳನ್ನು ಹೊತ್ತುಕೊಂಡು ಬಂದರು. "ಮುದುಕರು, ಮಕ್ಕಳನ್ನು ವಾಪಸ್ ಕಳಿಸು" ಎಂದು ಮೆಂಗ್‌ಝಿ ಹೇಳಿದ. ರಾಜ ಕೇಳಲಿಲ್ಲ. ಯೆನ್ ಜನ ತಿರುಗಿಬಿದ್ದರು. ಆಗ ರಾಜ ಹೇಳಿದ್ದು ಒಂದೇ ಸಾಲು: "ಮೆಂಗ್‌ಝಿಗೆ ಮುಖ ತೋರಿಸೋಕೆ ನನಗೆ ತುಂಬ ನಾಚಿಕೆಯಾಗುತ್ತಿದೆ."

ಮೆಂಗ್‌ಝಿ ಕೊನೆಗೆ ಚೀ ಬಿಟ್ಟು ಹೊರಟ. ದಾರಿಯಲ್ಲಿ ಒಂದು ಊರಿನಲ್ಲಿ ಮೂರು ರಾತ್ರಿ ಉಳಿದ. ಯಾಕಿಷ್ಟು ನಿಧಾನ ಎಂದು ಒಬ್ಬ ಆಡಿಕೊಂಡ. ರಾಜ ಮನಸ್ಸು ಬದಲಿಸಿ ಕರೆಸಬಹುದು ಎಂದು ಕಾದೆ, ಮೂರು ರಾತ್ರಿಯೂ ನನಗೆ ಕಡಿಮೆಯೇ ಅನ್ನಿಸಿತು ಎಂದ. ಕರೆ ಬರಲಿಲ್ಲ.

ಮೂರನೇ ಮಹಡಿ:

ಜಿನಾನ್ ಅವರೇ, ಎರಡು ಸಲ ಓದಿದೆ. ರಾಜ ನಕ್ಕ ಆ ಸಾಲನ್ನು ನಾನು ಓದಿಯೂ ದಾಟಿಬಿಟ್ಟಿದ್ದೆ.

ನನ್ನದೂ ಹಾಗೇ ಆಯಿತು ಎಂದು ಈಗ ಗೊತ್ತಾಗುತ್ತಿದೆ. ಅವತ್ತು ಸೀಟು ಬರೆಯುವಾಗ "ಇವರು ಬಡವರು" ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಸುಳ್ಳು. ಒಂದನೇ ನಂಬರಿನವರ ಆದಾಯ ಪತ್ರದಲ್ಲಿ ಇವರಿಗಿಂತ ಕಡಿಮೆ ಇತ್ತು. ಟ್ರಂಕಿನ ಸದ್ದು, ಅಷ್ಟೇ.

ಆದರೆ ನಾನು ರಾಣಿ ಅಲ್ಲ. ಐದು ಮು ಜಾಗ ಹಂಚೋಕೆ ನನ್ನ ಕೈಯಲ್ಲಿಲ್ಲ. ಇರೋದು ಒಂದು ರಿಜಿಸ್ಟರು, ಒಂದು ಸೀಲು. ಮತ್ತೆ ದಿನಾ ಕಿಟಕಿಗೆ ಬರುವ ಎಲ್ಲರಿಗೂ ಎದೆ ಧಸಕ್ ಅನ್ನಿಸಿಕೊಂಡರೆ ನಾನು ಉಳಿಯಲ್ಲ. ಜೂನ್ ತಿಂಗಳಲ್ಲಿ ಪ್ರಯತ್ನ ಮಾಡಿದ್ದೇನೆ. ಪ್ರತಿ ಅರ್ಜಿಯನ್ನೂ ಪೂರ್ತಿ ಓದುತ್ತೇನೆ ಎಂದು ಹೊರಟೆ. ನಾಲ್ಕನೇ ದಿನಕ್ಕೆ ಯಾರ ಮೇಲೂ ಏನೂ ಅನ್ನಿಸದ ಹಾಗಾಯಿತು. ಅದು ಇನ್ನೂ ಭಯ ಆಯಿತು.

ಜಿನಾನ್ ವಾಸಿ:

ಅದಕ್ಕೂ ಮೆಂಗ್‌ಝಿಯ ಹತ್ತಿರ ಒಂದು ಕಥೆ ಇದೆ, ಚಿಕ್ಕದು. ಸೊಂಗ್ ರಾಜ್ಯದ ಒಬ್ಬ ರೈತ. ಪೈರು ಬೇಗ ಬೆಳೆಯುತ್ತಿಲ್ಲ ಎಂದು ಒಂದೊಂದನ್ನೇ ಮೇಲಕ್ಕೆ ಜಗ್ಗಿದ. ಸಂಜೆ ಸುಸ್ತಾಗಿ ಮನೆಗೆ ಬಂದು, "ಇವತ್ತು ದಣಿದುಬಿಟ್ಟೆ, ಪೈರು ಬೆಳೆಯೋಕೆ ಸಹಾಯ ಮಾಡಿದೆ" ಎಂದ. ಮಗ ಓಡಿ ಹೋಗಿ ನೋಡಿದರೆ ಎಲ್ಲ ಒಣಗಿತ್ತು. ಕಳೆ ಕೀಳದೆ ಸುಮ್ಮನಿರೋದೂ ತಪ್ಪು, ಜಗ್ಗೋದು ಅದಕ್ಕಿಂತ ತಪ್ಪು.

ತಂಬೂರಿ ತಂತಿ:

ತಡವಾಗಿ ಬಂದೆ. ಎಲ್ಲರೂ ಮೆಂಗ್‌ಝಿಯಲ್ಲೇ ಇದ್ದೀರಿ, ನಾನು ಕನ್‌ಫ್ಯೂಷಿಯಸ್ ಹತ್ತಿರ ಹೋಗುತ್ತೇನೆ. ಅವನು ಕರುಣೆಯ ಸಿದ್ಧಾಂತ ಹೇಳುವ ಪೈಕಿ ಅಲ್ಲ. ಬಾವಿಯ ಮಗು ಇಲ್ಲ, ನಡುಗುವ ಎತ್ತು ಇಲ್ಲ. ಲಾಯಕ್ಕೆ ಬೆಂಕಿ ಬಿದ್ದಾಗ "ಜನಕ್ಕೆ ಏನಾದರೂ ಆಯಿತಾ?" ಎಂದ, ಕುದುರೆ ಬಗ್ಗೆ ಕೇಳಲಿಲ್ಲ ಎಂಬ ಸಾಲು ಎಲ್ಲರಿಗೂ ಗೊತ್ತು. ಮೇಲಿನ ಕುದುರೆ ಗುಂಡಿ ಓದುವಾಗ ಅದು ನೆನಪಾಯಿತು. ಆ ಕಾಲದಲ್ಲಿ ಕುದುರೆ ದುಬಾರಿ, ಲಾಯದ ಆಳು ಅಗ್ಗ.

ನಾನು ಹೇಳಬೇಕೆಂದಿದ್ದು ಇನ್ನೊಂದು. ಮಿಯೆನ್ ಎಂಬ ಸಂಗೀತದ ಮೇಷ್ಟ್ರು ಅವನನ್ನು ನೋಡೋಕೆ ಬರುತ್ತಾರೆ. ಆಗ ಸಂಗೀತದವರು ಹೆಚ್ಚಾಗಿ ಕುರುಡರು, ಇವರೂ ಹಾಗೇ. ಮೆಟ್ಟಿಲ ಹತ್ತಿರ ಬಂದಾಗ ಕನ್‌ಫ್ಯೂಷಿಯಸ್ ಹೇಳುತ್ತಾನೆ, "ಇದು ಮೆಟ್ಟಿಲು." ಚಾಪೆಯ ಹತ್ತಿರ ಬಂದಾಗ, "ಇದು ಚಾಪೆ." ಎಲ್ಲರೂ ಕೂತ ಮೇಲೆ, "ಇವರು ಇಲ್ಲಿದ್ದಾರೆ, ಅವರು ಅಲ್ಲಿದ್ದಾರೆ." ಮೇಷ್ಟ್ರು ಹೋದ ಮೇಲೆ ಶಿಷ್ಯ ಕೇಳುತ್ತಾನೆ, "ಸಂಗೀತದ ಮೇಷ್ಟ್ರ ಜೊತೆ ಮಾತಾಡೋ ರೀತಿ ಇದೇನಾ?" "ಹೌದು, ಅವರಿಗೆ ಕೈ ಕೊಡೋ ರೀತಿ ಇದೇ."

ಅಷ್ಟೇ ಕಥೆ. ನನ್ನ ತಾಯಿಗೆ ಆರು ವರ್ಷದಿಂದ ಕಣ್ಣು ಕಾಣಲ್ಲ. ಮೊದಲ ವರ್ಷ ಅಮ್ಮ ಎಡವಿದಾಗಲೆಲ್ಲ ನನಗೆ ಧಸಕ್ ಆಗುತ್ತಿತ್ತು. ಈಗ ಆಗಲ್ಲ. ಈಗ ಬಾಯಿ ತಾನಾಗಿ ಹೇಳುತ್ತದೆ: ಹೊಸ್ತಿಲು, ನೀರಿದೆ, ಬಲಕ್ಕೆ ಕುರ್ಚಿ, ಪಕ್ಕದ ಮನೆಯವರು ಬಂದಿದ್ದಾರೆ. ನಾನು ಕಲ್ಲಾಗಿದ್ದೇನಾ ಎಂದು ಹೆದರಿದ್ದೆ. ಈ ಸಾಲು ಓದಿದ ಮೇಲೆ ಆ ಹೆದರಿಕೆ ಹೋಯಿತು. ಆ ಮೇಷ್ಟ್ರು ಬಂದಾಗ ಅವನ ಎದೆಯಲ್ಲಿ ಏನಾಯಿತು ಎಂದು ಪುಸ್ತಕದಲ್ಲಿ ಒಂದು ಅಕ್ಷರವೂ ಇಲ್ಲ. ಮೆಟ್ಟಿಲು ಎಲ್ಲಿದೆ ಎಂದು ಹೇಳಿದ, ಅಷ್ಟೇ ಇದೆ.

ಮೇಡಂ, ಕಿಟಕಿಗೆ ಬಂದವರಿಗೆಲ್ಲ "ನಿಮ್ಮ ನಂಬರ್ ಇಷ್ಟು, ನಿಮ್ಮ ಮುಂದೆ ಇಷ್ಟು ಜನ ಇದ್ದಾರೆ" ಎಂದು ಹೇಳುವ ಪದ್ಧತಿ ನಿಮ್ಮಲ್ಲಿ ಇದೆಯಾ?

ಮೂರನೇ ಮಹಡಿ:

ಇಲ್ಲ. "ಆಮೇಲೆ ತಿಳಿಸುತ್ತೇವೆ" ಎನ್ನುತ್ತೇವೆ. ಹನ್ನೆರಡೂ ಜನಕ್ಕೆ.

ಈ ಮಾತು ನಡೆದು ಒಂಬತ್ತು ದಿನ ಆಯಿತು, ಈಗ ಬರೆಯುತ್ತಿದ್ದೇನೆ. ಲಿಸ್ಟನ್ನು ಅಚ್ಚು ಹಾಕಿ ಕಿಟಕಿಯ ಪಕ್ಕ ಅಂಟಿಸಿದೆ. ಯಾರನ್ನೂ ಕೇಳಲಿಲ್ಲ. ಹೆಸರು ಹಾಕಿಲ್ಲ, ಅರ್ಜಿ ನಂಬರ್ ಮಾತ್ರ. ಇನ್ನೂ ಯಾರೂ ಕಿತ್ತಿಲ್ಲ. ಕಡ್ಡಿಯವರಿಗೆ ಇದು ಇಷ್ಟವಾಗಬಹುದು.

ಮೊನ್ನೆ ಒಂದನೇ ನಂಬರಿಗೆ ಫೋನ್ ಮಾಡಿದೆ. ಅರ್ಜಿಯಲ್ಲಿದ್ದ ನಂಬರು ಚಿಕ್ಕಮ್ಮನದ್ದು. ಹುಡುಗಿ ಓದು ಬಿಟ್ಟಿಲ್ಲ. ದಿನಾ ಊರಿಂದ ಓಡಾಡುತ್ತಾಳೆ, ಬೆಳಗ್ಗೆ ಐದೂ ನಲವತ್ತರ ಬಸ್ಸು. ಜುಲೈನಲ್ಲಿ ಆದದ್ದನ್ನು ಹೇಳಿಬಿಡಬೇಕು ಎಂದು ಎಲ್ಲ ಬರೆದಿಟ್ಟುಕೊಂಡಿದ್ದೆ. ಬಾಯಿಗೆ ಬರಲಿಲ್ಲ. ಈಗ ಅವಳೇ ಮುಂದೆ ಇದ್ದಾಳೆ, ಸೀಟು ಖಾಲಿಯಾದರೆ ಮೊದಲು ಅವಳಿಗೇ ಎಂದು ಮಾತ್ರ ಹೇಳಿದೆ. ಚಿಕ್ಕಮ್ಮ "ಹಂಗೇ ಆಗ್ಲಿ ಮೇಡಂ" ಎಂದರು. ನನ್ನ ಊಟ ಆಯಿತಾ ಎಂದೂ ಕೇಳಿದರು.

ಬಸ್ಸು ಯಾವುದು ಎಂದು ಕೇಳಿ ತಿಳಿದುಕೊಂಡೆ. ಅದು ನಮ್ಮ ಗೇಟಿನ ಮುಂದೆಯೇ ಹಾದು ಹೋಗುತ್ತದೆ, ಏಳೂ ಇಪ್ಪತ್ತಕ್ಕೆ. ಎದುರಿಗೇ ಸ್ಟಾಪು. ನನ್ನ ರಾತ್ರಿ ಡ್ಯೂಟಿ ಏಳಕ್ಕೆ ಮುಗಿಯುತ್ತದೆ.